ಕೋತಿಯ ಚಳಿಜ್ವರ

ಸಾತನೂರಿನಿಂದ ಹಲಗೂರಿನ ಮೂಲಕ ಮುತ್ತತ್ತಿಗೆ ಹೋದವರು ಕೋತಿಗಳ ಚೇಷ್ಟೆಯನ್ನು ಕಂಡೇ ಇರುತ್ತಾರೆ. ಈ ಜಾತಿಯ ಕೋತಿಗೂ ಮಲೇರಿಯಾ ಉಂಟು. ದಕ್ಷಿಣ ಭಾರತದ ಕಾಡುಗಳಲ್ಲಿ ಅದರ ರಕ್ತದಲ್ಲಿ ಆ ರೋಗಾಣುಗಳು ದೊರೆತಿವೆ. ಹಾಗಿದ್ದೂ ಅದು ಮರದಿಂದ ಮರಕ್ಕೆ ನೆಗೆಯುವುದು ಹೇಗೆ?

ಮುಖ್ಯ ಗುಟ್ಟು ಗುಲ್ಮದಲ್ಲಿದೆ. ಅಲ್ಲಿ ಕೆಲವು ರಕ್ಷಕ ಕಣಗಳು ರೋಗ ತಗುಲಿದ ಕೆಂಪು ರಕ್ತಕಣಗಳನ್ನು ನುಂಗುತ್ತವೆ. ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಮತ್ತೆ ಕೆಲವು ಇವೆರಡನ್ನೂ ಹುರಿದುಂಬಿಸುತ್ತವೆ. ವೈರಿ ನಿರ್ನಾಮವಾಗದಿದ್ದರೂ ಹತೋಟಿಯಲ್ಲಿರುತ್ತದೆ. ಸೋಂಕು ಅಡಗಿರುವ ಕೋತಿಯ ಗುಲ್ಮವನ್ನು ತೆಗೆದರೆ ರೋಗಾಣುಗಳು ಮತ್ತೆ ತಲೆಯೆತ್ತುತ್ತವೆ.

ವೈರಿಯೂ ಸಾಮಾನ್ಯನಲ್ಲ. ಅದು ರಕ್ತಕಣದ ಮೇಲಿನ ತನ್ನ ಗುರುತನ್ನೇ ಬದಲಿಸಿ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುವುದು 1965ರಲ್ಲಿ ರೀಸಸ್ ಕೋತಿಗಳ ಮೇಲಿನ ಪ್ರಯೋಗದಿಂದ ತಿಳಿದುಬಂದಿತು. ಮನುಷ್ಯನಿಗೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಲೇರಿಯಾ ಲಸಿಕೆಯೂ ಪೂರ್ಣ ರಕ್ಷಣೆ ನೀಡದು. ಕೋತಿಯ ಗುಲ್ಮದಿಂದ ನಾವು ಕಲಿಯಬೇಕಾದುದು ಇನ್ನೂ ಉಳಿದಿದೆ.