ಫ್ರಾನ್ಸಿಸ್ಕೋ ಎಂಬ ಹೆಸರು

ಮಗುವಿನ ಜ್ಞಾನಸ್ನಾನಕ್ಕೆಂದು ದೇವಾಲಯಕ್ಕೆ ಬರುವ ತಂದೆತಾಯಿಗಳನ್ನು ಗುರುಗಳು ಮೊತ್ತಮೊದಲು ಕೇಳುವುದು ಮಗುವಿನ ಹೆಸರನ್ನು. ಅದು ಸಂತರೊಬ್ಬರ ಹೆಸರಾಗಿರಬೇಕೆಂಬುದು ನಮ್ಮ ಕುಟುಂಬಗಳ ಹಳೆಯ ರೂಢಿ. ಆದರೆ ಹೆಸರಿನೊಡನೆ ಗುಣವೂ ಬರುವುದೇ? ಸ್ಪೇನಿನಲ್ಲಿ ಮನೆಮನೆಗೂ ಪರಿಚಿತವಾದ ‘ಫ್ರಾನ್ಸಿಸ್ಕೋ’ ಎಂಬ ಹೆಸರಿನ ಚರಿತ್ರೆಯನ್ನು ಈ ವಾರ ನೋಡೋಣ.

ಈ ಹೆಸರು ಅಲ್ಲಿಗೆ ಬಂದದ್ದು ಇಟಲಿಯಿಂದ. ಅಸ್ಸಿಸಿಯ ಸಂತ ಫ್ರಾನ್ಸಿಸರಿಗೆ ಮೊದಲು ಇಟ್ಟ ಹೆಸರು ಜೊವಾನ್ನಿ. ಬಟ್ಟೆ ವ್ಯಾಪಾರಿಯಾಗಿದ್ದ ತಂದೆಯೇ ಮಗನನ್ನು ‘ಫ್ರಾನ್ಸಿನವನು’ ಎಂಬ ಅರ್ಥ ಬರುವಂತೆ ಕರೆಯತೊಡಗಿದನು. ಆ ಅಡ್ಡಹೆಸರೇ ಮುಂದೆ ಬಡತನದ ಗುರುತಾಯಿತು. ಗೊನ್ಸಾಲೋ ಸಿಸ್ನೇರೋಸ್ ಎಂಬ ಸ್ಪೇನಿನ ಗುರುಗಳು ಫ್ರಾನ್ಸಿಸ್ಕನ್ ಸಭೆಯನ್ನು ಸೇರಿದಾಗ ತಮ್ಮ ಹೆಸರನ್ನು ಫ್ರಾನ್ಸಿಸ್ಕೋ ಎಂದು ಬದಲಿಸಿಕೊಂಡರು. ಅವರು ಕಾರ್ಡಿನಲ್ ಆದರು, ರಾಜ್ಯವನ್ನೂ ಆಳಿದರು. ನವಾರ ಪ್ರಾಂತದ ದಂಗೆಯನ್ನು ಅಡಗಿಸಿ, 1516ರಲ್ಲಿ ಅಲ್ಲಿಯ ಝೇವಿಯರ್ ಕೋಟೆಯ ಗೋಪುರಗಳನ್ನು ಕೆಡವಿಸಿದವರು ಅವರೇ. ಆ ಕೋಟೆಯ ಮನೆತನದಲ್ಲಿ ಹತ್ತು ವರ್ಷದ ಬಾಲಕನೊಬ್ಬನಿದ್ದನು. ಅವನ ಹೆಸರೂ ಫ್ರಾನ್ಸಿಸ್ಕೋ. 1542ರ ಮೇ 6ರಂದು ಗೋವೆಯಲ್ಲಿ ಇಳಿದ ಸಂತ ಫ್ರಾನ್ಸಿಸ್ ಝೇವಿಯರ್ ಈತನೇ ಎಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನಸ್ಸನ್ನು ಹೆಚ್ಚು ಕಾಡುವವರು ಬೇರೆ ಇಬ್ಬರು ಫ್ರಾನ್ಸಿಸ್ಕೋಗಳು. ಒಬ್ಬನು ಸೈನಿಕ, ಫ್ರಾನ್ಸಿಸ್ಕೋ ಪಿಸಾರೋ. 1532ರ ನವೆಂಬರ್ 16ರಂದು ಇನ್ನೂರಕ್ಕೂ ಕಡಿಮೆ ಜನರೊಡನೆ ಪೆರುವಿನ ಕಹಮಾರ್ಕದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದನು. ಬಿಡುಗಡೆಗೆಂದು ದೊರೆ ಒಂದು ಕೋಣೆ ತುಂಬ ಬಂಗಾರ ಕೊಡುವ ಮಾತು ಕೊಟ್ಟನು. ರಾಶಿ ರಾಶಿ ಬಂಗಾರ ಬಂದಿತು. ಆದರೂ 1533ರಲ್ಲಿ ಅವನಿಗೆ ಮರಣದಂಡನೆಯಾಯಿತು. ಜೀವಂತವಾಗಿ ಸುಡುವುದನ್ನು ತಪ್ಪಿಸಿಕೊಳ್ಳಲು ಅವನು ಜ್ಞಾನಸ್ನಾನ ಪಡೆದನು. ಬಳಿಕ ಅವನ ಕೊರಳು ಬಿಗಿದು ಕೊಂದರು. ಅವನಿಗೆ ಆಗ ಇಟ್ಟ ಹೆಸರು ಹುವಾನ್ ಎಂದು ಕೆಲವರು ಬರೆದಿದ್ದಾರೆ. ಕೊಂದವನ ಹೆಸರನ್ನೇ, ಅಂದರೆ ಫ್ರಾನ್ಸಿಸ್ಕೋ ಎಂದೇ, ಇಟ್ಟರೆಂಬುದು ಇನ್ನು ಹಲವು ಇತಿಹಾಸಕಾರರ ಅಭಿಪ್ರಾಯ. ಎರಡನೆಯದು ನಿಜವಾಗಿದ್ದರೆ ಆ ಸಂಸ್ಕಾರದ ನೀರಿಗೆ ಬಗೆದ ಅಪಚಾರ ಇನ್ನೂ ದೊಡ್ಡದು.

ಮತ್ತೊಬ್ಬರು ಫ್ರಾನ್ಸಿಸ್ಕೋ ದೆ ವಿತೋರಿಯ, ಸಾಲಮಾಂಕ ವಿಶ್ವವಿದ್ಯಾನಿಲಯದ ಡೊಮಿನಿಕನ್ ಗುರುಗಳು. ಪೆರುವಿನ ವಾರ್ತೆ ಕೇಳಿ ತಮ್ಮ ರಕ್ತ ಹೆಪ್ಪುಗಟ್ಟುತ್ತದೆಂದು 1534ರಲ್ಲಿ ಅವರು ತಮ್ಮ ಸಭೆಯ ಹಿರಿಯರೊಬ್ಬರಿಗೆ ಬರೆದರು. ಟೊಲೇಡೋದ ಮಹಾಮೇತ್ರಾಣಿ ಪದವಿಯನ್ನೇ ಕೊಟ್ಟರೂ ಈ ಜನರು ನಿರ್ದೋಷಿಗಳೆಂದು ಹೇಳಲು ತಮಗೆ ಧೈರ್ಯವಾಗದು ಎಂಬುದೂ ಅದೇ ಪತ್ರದಲ್ಲಿದೆ. 1539ರ ಉಪನ್ಯಾಸಗಳಲ್ಲಿ ಅವರು ಇನ್ನೂ ಮುಂದೆ ಹೋದರು. ಸ್ಪೇನಿನವರು ಬರುವ ಮುನ್ನವೇ ಅಲ್ಲಿನ ಜನ ತಮ್ಮ ನೆಲದ ನಿಜವಾದ ಒಡೆಯರು. ಚಕ್ರವರ್ತಿ ಲೋಕದ ಒಡೆಯನಲ್ಲ. ಜಗದ್ಗುರುಗಳಿಗೂ ಲೋಕದ ಮೇಲೆ ರಾಜ್ಯಾಧಿಕಾರವಿಲ್ಲ. ಕ್ರಿಸ್ತನನ್ನು ನಂಬಲಿಲ್ಲವೆಂಬ ಕಾರಣಕ್ಕೆ ಯಾರ ಮೇಲೂ ಯುದ್ಧ ಸಾರುವುದು ನ್ಯಾಯವಲ್ಲ ಎಂದರು. ಸ್ಪೇನಿನ ಆಳ್ವಿಕೆಗೆ ನ್ಯಾಯವಾಗಬಹುದಾದ ಬೇರೆ ಕೆಲವು ಕಾರಣಗಳನ್ನೂ ಅವರು ಒಪ್ಪಿದರು. ಅವುಗಳಲ್ಲಿ ಎಲ್ಲವೂ ನಮಗೆ ಸಮ್ಮತವಲ್ಲ. ಆದರೂ ಅದೇ ವರ್ಷ ಚಕ್ರವರ್ತಿ ಐದನೆಯ ಚಾರ್ಲ್ಸ್ ಸಾಲಮಾಂಕದ ಡೊಮಿನಿಕನ್ ಮಠಕ್ಕೆ ಪತ್ರ ಬರೆದು, ಇಂತಹ ಚರ್ಚೆಗಳನ್ನು ನಿಲ್ಲಿಸುವಂತೆ ಆಜ್ಞಾಪಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ಸ್ಪೇನನ್ನು 1975ರವರೆಗೆ ಏಕಾಧಿಪತಿಯಾಗಿ ಆಳಿದ ಫ್ರಾಂಕೋನ ಹೆಸರೂ ಫ್ರಾನ್ಸಿಸ್ಕೋ ಎಂಬುದನ್ನು ಇಲ್ಲಿ ನೆನೆದರೆ ಸಾಕು.

2013ರಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ ಅರ್ಜೆಂಟೀನದ ಕಾರ್ಡಿನಲ್ ಹೊರ್ಹೆ ಬೆರ್ಗೋಲ್ಯೋ ಜಗದ್ಗುರುಗಳಾಗಿ ಇದೇ ಹೆಸರನ್ನು ಆರಿಸಿಕೊಂಡರು. 2025ರಲ್ಲಿ ದೈವಾಧೀನರಾದ ಅವರು, 2015ರ ಜುಲೈ 9ರಂದು ಬೊಲಿವಿಯಾದಲ್ಲಿ ಮೂಲನಿವಾಸಿಗಳ ಮುಂದೆ ನಿಂತು, ಅಮೆರಿಕವನ್ನು ಗೆದ್ದ ಕಾಲದಲ್ಲಿ ಅವರ ಜನರ ಮೇಲೆ ನಡೆದ ಅಪರಾಧಗಳಿಗಾಗಿ ವಿನಯದಿಂದ ಕ್ಷಮೆ ಯಾಚಿಸಿದರು. ಖಡ್ಗವನ್ನು ಶಿಲುಬೆಯಿಂದ ಎದುರಿಸಿದ ಗುರುಗಳನ್ನೂ ಮೇತ್ರಾಣಿಗಳನ್ನೂ ಅಂದು ಅವರು ನೆನೆದರು.