ಆಮೀನಿನ ಅನಂತರದ ಮೌನ

ಮಂಗಳೂರಿನಿಂದ ಭಟ್ಕಳದವರೆಗೆ ಕಡಲ ಅಂಚಿನಲ್ಲಿ ಸಾಲಾಗಿ ನಿಂತಿರುವ ಊರುಗಳ ಯಾವುದಾದರೊಂದು ಪಳ್ಳಿಯ, ಎಂದರೆ ಮಸೀದಿಯ, ಹೊರಜಗಲಿಯಲ್ಲಿ, ಸೂರ್ಯನು ನೀರಿಗಿಳಿದ ಸ್ವಲ್ಪ ಹೊತ್ತಿಗೆ ನಡೆಯುವ ಮಗ್ರಿಬ್ ನಮಾಜಿನ ವೇಳೆ, ಸುಮ್ಮನೆ ನಿಂತು ಕಿವಿಗೊಟ್ಟವನಿಗೆ ಒಂದು ವಿಶೇಷವು ಗಮನಕ್ಕೆ ಬಾರದಿರದು. ಇಮಾಮರು ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾವನ್ನು ಉಚ್ಚಸ್ವರದಿಂದ ಪಠಿಸಿ ಮುಗಿಸುತ್ತಲೆ ಹಿಂದಿನ ಸಾಲುಗಳಿಂದ ‘ಆಮೀನ್’ ಎಂಬ ಒಕ್ಕೊರಲ ಘೋಷವು ಏಳುವುದು. ಅದು ಅಡಗಿದ ಮೇಲೆ, ಮುಂದಿನ ಪಠನಕ್ಕೆ ತೊಡಗುವ ಮುನ್ನ, ಇಮಾಮರು ಸ್ವಲ್ಪ ಹೊತ್ತು ತಡೆದು ನಿಲ್ಲುವರು. ಆ ತಡೆಯಲ್ಲಿ ಸದ್ದು ಇದೆಯೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ನೂರಾರು ತುಟಿಗಳು ಒಂದೇ ಏಳು ವಾಕ್ಯಗಳನ್ನು ತಮ್ಮ ತಮ್ಮ ಕಿವಿಗಷ್ಟೆ ಕೇಳುವಂತೆ ಉಚ್ಚರಿಸುವ ಪಿಸುದನಿಯು ಒಣಗಿದ ಎಲೆಗಳ ಮೇಲೆ ಗಾಳಿ ಸುಳಿದಂತೆ ಹರಿದುಹೋಗುವುದು.

ಅದೇ ಸಂಜೆ ಘಟ್ಟವನ್ನು ಹತ್ತಿ ಬಂದು ಬೆಂಗಳೂರಿನದೋ ವಿಜಾಪುರದದೋ ಒಂದು ಮಸೀದಿಯಲ್ಲಿ ನಿಂತರೆ, ಅಲ್ಲಿ ಬಹುಮಟ್ಟಿಗೆ ಬೇರೆಯದೇ ಅನುಭವ. ಆಮೀನ್ ಎಂಬುದು ತುಟಿಯಿಂದ ಆಚೆ ಬಾರದು; ಇಮಾಮರು ಫಾತಿಹಾದ ಬೆನ್ನಿಗೇ ಮುಂದಿನ ಅಧ್ಯಾಯವನ್ನು ಎತ್ತಿಕೊಳ್ಳುವರು; ಹಿಂದೆ ನಿಂತವರು ಆರಂಭದಿಂದ ಅಂತ್ಯದವರೆಗೆ ಮೌನವಾಗಿ ಆಲಿಸುವರು. ಗ್ರಂಥವೊಂದೇ, ದಿಕ್ಕೊಂದೇ, ಹೊತ್ತೊಂದೇ ಆಗಿರುವಾಗ ಈ ವ್ಯತ್ಯಾಸವೇಕೆಂದು ಕೇಳುವವನು, ತನಗರಿವಿಲ್ಲದೆಯೇ, ಹನ್ನೆರಡು ಶತಮಾನಗಳಿಗೂ ಹೆಚ್ಚುಕಾಲ ಇಸ್ಲಾಮಿನ ಧರ್ಮಶಾಸ್ತ್ರಜ್ಞರ ನಿದ್ದೆಗೆಡಿಸಿದ ಒಂದು ಪ್ರಶ್ನೆಯನ್ನು ಕೇಳಿದಂತಾಯಿತು: ಇಮಾಮನ ಹಿಂದೆ ನಿಂತವನು ತಾನೂ ಫಾತಿಹಾವನ್ನು ಪಠಿಸಬೇಕೆ, ಅಥವಾ ಇಮಾಮನ ಪಠನವೇ ಅವನಿಗೂ ಸಾಕೆ?

ಪ್ರಶ್ನೆಯ ತೂಕವನ್ನು ಅರಿಯಬೇಕಾದರೆ ನಮಾಜಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ನಿಲ್ಲುವುದು, ಬಾಗುವುದು, ನೆಲಕ್ಕೆ ಹಣೆಯಿಡುವುದು, ಇವೆಲ್ಲ ಸೇರಿ ಒಂದು ರಕಅತ್. ದಿನದ ಐದು ಹೊತ್ತಿನ ಕಡ್ಡಾಯ ನಮಾಜುಗಳಲ್ಲಿ ಬೆಳಗಿಗೆ 2, ನಡುಹಗಲಿಗೆ 4, ಇಳಿಹೊತ್ತಿಗೆ 4, ಸೂರ್ಯಾಸ್ತದ ಬಳಿಕ 3, ಇರುಳಿಗೆ 4, ಹೀಗೆ ಒಟ್ಟು 17 ರಕಅತ್‌ಗಳು. ಏಕಾಂಗಿಯಾಗಿ ನಮಾಜು ಮಾಡುವವನು ಪ್ರತಿಯೊಂದು ರಕಅತ್‌ನಲ್ಲಿಯೂ ಫಾತಿಹಾವನ್ನು ಪಠಿಸುವನು. ಏಳೇ ವಾಕ್ಯಗಳ ಆ ಕಿರಿಯ ಅಧ್ಯಾಯದಲ್ಲಿ ಸ್ತುತಿಯೂ ಉಂಟು, ಶರಣಾಗತಿಯೂ ಉಂಟು, ನೇರವಾದ ದಾರಿಯನ್ನು ತೋರೆಂಬ ಬೇಡಿಕೆಯೂ ಉಂಟು. ಆದುದರಿಂದಲೇ ಅದಕ್ಕೆ ಗ್ರಂಥಮಾತೆಯೆಂಬ ಹೆಸರು. ಸಾಮೂಹಿಕ ನಮಾಜಿನಲ್ಲಿ ಬೆಳಗಿನ ಎರಡು ರಕಅತ್‌ಗಳಲ್ಲಿಯೂ, ಮಗ್ರಿಬ್ ಮತ್ತು ಇರುಳಿನ ಇಶಾಗಳ ಮೊದಲೆರಡು ರಕಅತ್‌ಗಳಲ್ಲಿಯೂ ಇಮಾಮರು ಗಟ್ಟಿಯಾಗಿ ಪಠಿಸುವರು; ಉಳಿದೆಡೆಗಳಲ್ಲಿ ಮೆಲ್ಲನೆ. ಈ ಸಶಬ್ದ ನಿಶ್ಶಬ್ದಗಳ ಭೇದವೇ ನಮ್ಮ ಪ್ರಶ್ನೆಯ ಕೀಲು.

ವಿವಾದದ ಬೇರು ಪ್ರಮಾಣಗಳಲ್ಲಿಯೇ ಇದೆ. ಕುರ್‌ಆನಿನ ಏಳನೆಯ ಅಧ್ಯಾಯದ 204ನೆಯ ವಾಕ್ಯವು, ಕುರ್‌ಆನ್ ಪಠನವಾಗುವಾಗ ಕಿವಿಗೊಟ್ಟು ಮೌನವಾಗಿರಬೇಕೆಂದು ವಿಧಿಸುತ್ತದೆ. ಇನ್ನೊಂದೆಡೆ, ಫಾತಿಹಾವನ್ನು ಪಠಿಸದವನಿಗೆ ನಮಾಜೇ ಇಲ್ಲವೆಂಬ ಪ್ರವಾದಿ ಮುಹಮ್ಮದರ ನುಡಿಯನ್ನು ಅವರ ಸಂಗಡಿಗರಾದ ಉಬಾದಾ ಇಬ್ನ್ ಸಾಮಿತರು ನಿರೂಪಿಸಿದ್ದು, ಬುಖಾರಿ ಮತ್ತು ಮುಸ್ಲಿಮ್ ಎಂಬ ಇಬ್ಬರು ಸಂಗ್ರಾಹಕರ ಹದೀಸ್ (ಪ್ರವಾದಿಗಳ ನುಡಿ ನಡೆಗಳ ನಿರೂಪಣೆ) ಸಂಗ್ರಹಗಳೆರಡರಲ್ಲಿಯೂ ಅದು ದಾಖಲಾಗಿದೆ. ಒಂದು ಆಲಿಸೆನ್ನುವುದು, ಮತ್ತೊಂದು ಪಠಿಸೆನ್ನುವುದು. ಇಮಾಮನ ಬೆನ್ನ ಹಿಂದೆ ನಿಂತವನು ಏಕಕಾಲಕ್ಕೆ ಎರಡನ್ನೂ ಹೇಗೆ ಪಾಲಿಸುವನು?

ಈ ಇಕ್ಕಟ್ಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಎರಡು ಪ್ರಸಂಗಗಳು ಹದೀಸ್ ಗ್ರಂಥಗಳಲ್ಲಿವೆ. ಎರಡರ ರಂಗಸ್ಥಳವೂ ಒಂದೇ ಬಗೆಯದು: ಪ್ರವಾದಿಗಳು ಸಶಬ್ದವಾದ ನಮಾಜನ್ನು ಮುಗಿಸಿ ಹಿಂದಕ್ಕೆ ತಿರುಗಿ, ನನ್ನ ಹಿಂದೆ ನೀವೂ ಪಠಿಸುತ್ತಿದ್ದಿರೇನೆಂದು ಕೇಳುವರು, ಹೌದೆಂಬ ಉತ್ತರ ಬರುವುದು. ಉಬಾದಾ ಅವರು ಹೇಳಿದ ಪ್ರಸಂಗದಲ್ಲಿ, ಹಾಗೆ ಮಾಡಬೇಡಿ, ಆದರೆ ಫಾತಿಹಾವನ್ನು ಮಾತ್ರ ಬಿಡಬೇಡಿ ಎಂಬರ್ಥದ ಅಪ್ಪಣೆಯಾಗುವುದು. ಇನ್ನೊಬ್ಬ ಸಂಗಡಿಗರಾದ ಅಬೂ ಹುರೈರಾ ಅವರು ಹೇಳಿದ ಪ್ರಸಂಗದಲ್ಲಿಯಾದರೋ, ನನ್ನ ಪಠನದೊಡನೆ ಸೆಣಸುವವರಾರೆಂದು ನನಗೆ ಅನಿಸಿತು ಎಂಬರ್ಥದ ಮಾತು ಬರುವುದು. ಅಂದಿನಿಂದ ಜನರು ಸಶಬ್ದ ನಮಾಜುಗಳಲ್ಲಿ ಪಠಿಸುವುದನ್ನು ನಿಲ್ಲಿಸಿದರೆಂದು ಆ ನಿರೂಪಣೆಯು ಮುಗಿಯುವುದು. ಮೊದಲನೆಯದರ ನಿರೂಪಕ ಪರಂಪರೆಯನ್ನು ಒಂದು ಪಕ್ಷದವರು ಶೋಧಿಸಿದರು. ಎರಡನೆಯದರ ಕೊನೆಯ ಮಾತು ಅಬೂ ಹುರೈರಾ ಅವರದೋ, ಮುಂದಿನವರು ಸೇರಿಸಿದ ವಿವರಣೆಯೋ ಎಂದು ಇನ್ನೊಂದು ಪಕ್ಷದವರು ಪರೀಕ್ಷಿಸಿದರು. ಒಂದೊಂದು ಹೆಸರನ್ನೂ ಒಂದೊಂದು ಪದವನ್ನೂ ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುವಂತೆ ಹಚ್ಚಿ ನೋಡಿದ ಆ ಶ್ರಮವನ್ನು ಕಂಡವನು, ಇದು ಬರಿಯ ಹಠದ ಜಗಳವೆಂದು ಹೇಳಲಾರನು.

ಧರ್ಮಶಾಸ್ತ್ರದ ಪಂಥಗಳಾದ ನಾಲ್ಕು ಪ್ರಸಿದ್ಧ ಮದ್‌ಹಬ್‌ಗಳು ಈ ಪ್ರಮಾಣಗಳನ್ನು ಬೇರೆ ಬೇರೆ ರೀತಿಯಲ್ಲಿ ಹೊಂದಿಸಿದುವು. ಕೂಫಾ ನಗರದ ಇಮಾಮ್ ಅಬೂ ಹನೀಫರ (699–767) ಪಂಥದಲ್ಲಿ, ನಮಾಜು ಸಶಬ್ದವಾಗಿರಲಿ ನಿಶ್ಶಬ್ದವಾಗಿರಲಿ, ಹಿಂದೆ ನಿಂತವನು ಪಠಿಸಕೂಡದು. ಮದೀನದ ಇಮಾಮ್ ಮಾಲಿಕರೂ (711–795) ಬಗ್ದಾದಿನ ಇಮಾಮ್ ಅಹ್ಮದ್ ಇಬ್ನ್ ಹಂಬಲರೂ (780–855) ನಡುದಾರಿಯನ್ನು ಹಿಡಿದರು: ಇಮಾಮನ ದನಿ ಕೇಳುವಾಗ ಆಲಿಸಬೇಕು, ಅವನು ಮೆಲ್ಲನೆ ಪಠಿಸುವಾಗ ತಾನೂ ಪಠಿಸುವುದು ಒಳ್ಳೆಯದು. ಇಮಾಮ್ ಶಾಫಿಯವರು (767–820) ಮೊದಲು ಈ ನಡುದಾರಿಗೆ ಸಮೀಪದಲ್ಲಿದ್ದರೂ, ಈಜಿಪ್ಟಿನಲ್ಲಿ ನೆಲೆಸಿದ ಅನಂತರದ ತಮ್ಮ ಹೊಸ ಅಭಿಪ್ರಾಯದಲ್ಲಿ, ಫಾತಿಹಾವು ಎಲ್ಲ ನಮಾಜುಗಳಲ್ಲಿಯೂ ಹಿಂದೆ ನಿಂತವನಿಗೂ ಕಡ್ಡಾಯವೆಂದು ವಿಧಿಸಿದರು.

ಹನಫಿ ವಾದದ ತಿರುಳನ್ನು ಆ ಪಂಥದವರು ಹೇಳಿಕೊಂಡು ಬಂದಿರುವ ಒಂದು ಕಥೆಯು ಸೊಗಸಾಗಿ ತಿಳಿಸುತ್ತದೆ. ಈ ವಿಷಯದಲ್ಲಿ ವಾದಿಸಲೆಂದು ಒಂದು ಗುಂಪು ಅಬೂ ಹನೀಫರ ಬಳಿಗೆ ಬಂದಿತಂತೆ. ಇಷ್ಟು ಜನರೊಡನೆ ಒಟ್ಟಿಗೆ ವಾದಿಸುವುದು ಹೇಗೆ, ನಿಮ್ಮಲ್ಲಿ ಒಬ್ಬನನ್ನು ಆರಿಸಿ ಮುಂದೆ ನಿಲ್ಲಿಸಿರೆಂದು ಅವರು ಹೇಳಲು, ಗುಂಪು ಹಾಗೆಯೇ ಮಾಡಿತು. ಇವನ ಮಾತು ನಿಮ್ಮೆಲ್ಲರ ಮಾತಾಗುವುದೇ, ಇವನ ಸೋಲು ಗೆಲುವುಗಳು ನಿಮ್ಮೆಲ್ಲರವೇ ಎಂದು ಕೇಳಲು, ಹೌದೆಂದರು. ಹಾಗಾದರೆ ವಾದ ಮುಗಿಯಿತು, ನಾವೂ ಇಮಾಮನನ್ನು ಆರಿಸಿ ಮುಂದೆ ನಿಲ್ಲಿಸಿದ್ದು ಅವನ ಪಠನವು ನಮ್ಮದಾಗಲೆಂದೇ, ಎಂದರಂತೆ ಅಬೂ ಹನೀಫರು. ಇಮಾಮನುಳ್ಳವನಿಗೆ ಇಮಾಮನ ಪಠನವೇ ಪಠನವೆಂಬ, ಪ್ರವಾದಿಗಳ ಸಂಗಡಿಗರಾದ ಜಾಬಿರ್ ಅವರ ಹೆಸರಿನಲ್ಲಿ ಬಂದಿರುವ ಹದೀಸೊಂದು ಈ ವಾದಕ್ಕೆ ಆಧಾರ. ಅದರ ಪರಂಪರೆಯು ದುರ್ಬಲವೆಂಬುದು ಪ್ರತಿಪಕ್ಷದ ಆಕ್ಷೇಪ. ಇದಲ್ಲದೆ, ತಡವಾಗಿ ಬಂದು ಇಮಾಮನು ಬಾಗಿರುವಾಗ ಸೇರಿಕೊಂಡವನಿಗೆ, ಅವನು ಫಾತಿಹಾದ ಒಂದು ಪದವನ್ನೂ ನುಡಿಯದಿದ್ದರೂ, ಆ ರಕಅತ್ ದೊರೆತಂತೆಯೇ ಎಂದು ನಾಲ್ಕು ಪಂಥಗಳೂ ಒಪ್ಪುವುದರಿಂದ, ಪಠನವು ಹಿಂದೆ ನಿಂತವನಿಗೆ ಅನಿವಾರ್ಯವಲ್ಲವೆಂಬುದು ಸಿದ್ಧವಾಯಿತಲ್ಲವೆ ಎಂದು ಹನಫಿಗಳು ಕೇಳುವರು.

ಶಾಫಿಗಳ ಉತ್ತರವೂ ಹಗುರವಾದುದಲ್ಲ. ತಡವಾಗಿ ಬಂದವನಿಗೆ ತೋರಿದ ದಯೆಯು, ಹೊತ್ತಿಗೆ ಸರಿಯಾಗಿ ಬಂದವನಿಗೆ ನಿಯಮವಾಗಲಾರದು. ಇಮಾಮನು ಬಾಗಿದನೆಂದು ಹಿಂದಿನವನು ನೆಟ್ಟಗೆ ನಿಂತಿರಲುಂಟೆ? ಇಮಾಮನ ಹಣೆಯು ನೆಲ ಮುಟ್ಟಿದರೆ ಹಿಂದಿನವನ ಹಣೆಯೂ ಮುಟ್ಟಿದಂತಾಗುವುದೆ? ದೇಹದ ಕರ್ತವ್ಯಗಳನ್ನು ಪ್ರತಿಯೊಬ್ಬನೂ ತಾನೇ ಮಾಡಬೇಕಾಗಿರುವಲ್ಲಿ ನಾಲಗೆಯ ಕರ್ತವ್ಯವನ್ನು ಮಾತ್ರ ಇನ್ನೊಬ್ಬನಿಗೆ ವಹಿಸುವುದೆಂತು? ಇವೆಲ್ಲಕ್ಕಿಂತ ಹೃದಯಸ್ಪರ್ಶಿಯಾದುದು ಮತ್ತೊಂದು ಹದೀಸನ್ನು ಆಶ್ರಯಿಸಿದ ಮಾತು. ದೇವರು ಈ ಪ್ರಾರ್ಥನೆಯನ್ನು ತನಗೂ ತನ್ನ ದಾಸನಿಗೂ ಎರಡು ಪಾಲು ಮಾಡಿರುವನೆಂದೂ, ದಾಸನು ಫಾತಿಹಾದ ಒಂದೊಂದು ವಾಕ್ಯವನ್ನು ನುಡಿದಂತೆಲ್ಲ ಆತನು ಒಂದೊಂದಕ್ಕೂ ಮರುನುಡಿಯುವನೆಂದೂ ಅಬೂ ಹುರೈರಾ ಅವರು ನಿರೂಪಿಸಿರುವರು. ಇಂತಹ ಸಂವಾದದಲ್ಲಿ ತನ್ನ ಪಾಲಿನ ಮಾತನ್ನು ಯಾವ ಭಕ್ತನು ತಾನೇ ಬಿಟ್ಟುಕೊಟ್ಟಾನು? ಇಮಾಮನ ಹಿಂದಿರುವಾಗ ಏನು ಮಾಡಲೆಂದು ಅಬೂ ಹುರೈರಾ ಅವರನ್ನು ಕೇಳಿದವನಿಗೆ, ನಿನ್ನೊಳಗೇ ಪಠಿಸಿಕೊ ಎಂಬ ಉತ್ತರ ಸಿಕ್ಕಿತು. ‘ನಿನ್ನೊಳಗೇ’ ಎಂದರೆ ಮೆಲ್ಲನೆ ನುಡಿಯುವುದೋ, ಮನಸ್ಸಿನಲ್ಲಿ ಮನನಮಾಡುವುದೋ ಎಂಬುದು ಪುನಃ ಚರ್ಚೆಗೆ ಬಂದಿತು!

ಈ ಒಂದೇ ಪ್ರಶ್ನೆಗೆಂದು ಹದೀಸ್ ಸಂಗ್ರಾಹಕರಾದ ಬುಖಾರಿಯವರು (810–870) ಒಂದು ಪ್ರತ್ಯೇಕ ಪುಸ್ತಕವನ್ನು ರಚಿಸಿದರು. ಹನ್ನೊಂದನೆಯ ಶತಮಾನದಲ್ಲಿ ಬೈಹಕಿಯವರು ಮತ್ತೊಂದನ್ನು ಬರೆದರು. ಭಾರತದಲ್ಲಿ ಲಖನೌದ ಅಬ್ದುಲ್ ಹೈ (1848–1886), ದೇವಬಂದಿನ ಪಂಡಿತರಾದ ಅನ್ವರ್ ಶಾ ಕಾಶ್ಮೀರಿ (1875–1933) ಮೊದಲಾದವರು ಆ ಸಾಲನ್ನು ಮುಂದುವರಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾವ ಪಂಥಕ್ಕೂ ಕಟ್ಟುಬೀಳದೆ ಹದೀಸನ್ನೇ ನೇರವಾಗಿ ಅನುಸರಿಸಬೇಕೆಂಬ ಅಹ್ಲೆ ಹದೀಸ್ ಚಳವಳಿಯು ಉತ್ತರ ಭಾರತದಲ್ಲಿ ಬಲಗೊಂಡಾಗ, ಇಮಾಮನ ಹಿಂದೆ ಫಾತಿಹಾ ಪಠಿಸುವುದು, ಆಮೀನನ್ನು ಗಟ್ಟಿಯಾಗಿ ಹೇಳುವುದು, ಬಾಗುವಾಗ ಕೈಯೆತ್ತುವುದು, ಈ ಮೂರೂ ಗುಂಪಿನ ಗುರುತುಗಳಾಗಿ ಮಾರ್ಪಟ್ಟುವು. ವಿದ್ವಾಂಸರ ಗ್ರಂಥದಲ್ಲಿದ್ದ ಭೇದವು ಮಸೀದಿಯ ಅಂಗಳಕ್ಕಿಳಿಯಿತು. ಕಾಶಿಯ ಮಸೀದಿಯೊಂದರಲ್ಲಿ ಆಮೀನನ್ನು ಗಟ್ಟಿಯಾಗಿ ಹೇಳಿದವರ ಮೇಲಿನ ಮೊಕದ್ದಮೆಯು 1885ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವನ್ನೇ ಮುಟ್ಟಿತು. ಸರ್ ಸೈಯದ್ ಅಹ್ಮದ್ ಖಾನರ ಪುತ್ರರಾದ ನ್ಯಾಯಮೂರ್ತಿ ಸೈಯದ್ ಮಹಮೂದರು ಅರಬ್ಬೀ ಶಾಸ್ತ್ರಗ್ರಂಥಗಳನ್ನು ತಾವೇ ಪರಿಶೀಲಿಸಿ ಬರೆದ ಪ್ರತ್ಯೇಕ ತೀರ್ಪು, ಭಕ್ತಿಯಿಂದ ಹೇಳಿದ ಆಮೀನನ್ನು ಅಪರಾಧವೆಂದೆಣಿಸುವ ವಿಚಾರವನ್ನು ಶಾಸ್ತ್ರದ ಬೆಳಕಿನಲ್ಲಿಯೇ ಒರೆಗಿಟ್ಟ ಬರಹವಾಗಿ ಇಂದಿಗೂ ಓದಲು ಯೋಗ್ಯವಾಗಿದೆ. ದೇವರ ಮುಂದೆ ನುಡಿದ ಒಂದು ಪದದ ದನಿಯನ್ನು ದಂಡಸಂಹಿತೆಯ ತಕ್ಕಡಿಯಲ್ಲಿ ತೂಗಬೇಕಾಗಿ ಬಂದುದು ದುಃಖದ ಸಂಗತಿಯೇ ಸರಿ.

ಕರಾವಳಿಗೂ ಘಟ್ಟದ ಮೇಲಿನ ನಾಡಿಗೂ ಇರುವ ಭೇದಕ್ಕೆ ಕಾರಣವು ಜಗಳವಲ್ಲ, ಚರಿತ್ರೆ. ಅರಬ್ಬೀ ಸಮುದ್ರದ ವ್ಯಾಪಾರಿಗಳೊಡನೆ ಶಾಫಿ ಪಂಥವು ಕಡಲ ದಾರಿಯಿಂದ ಬಂದು ಬ್ಯಾರಿಗಳಲ್ಲಿಯೂ ಭಟ್ಕಳದ ನವಾಯತರಲ್ಲಿಯೂ ನೆಲೆಗೊಂಡಿತು. ಹನಫಿ ಪಂಥವು ಮಧ್ಯ ಏಷ್ಯದಿಂದ ದೆಹಲಿಗೂ ದೆಹಲಿಯಿಂದ ದಖ್ಖಣಕ್ಕೂ ನೆಲದ ದಾರಿಯಿಂದ ಬಂದಿತು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತಾ, ಅಲ್ಲಿಯ ಮುಸಲ್ಮಾನರು ಶಾಫಿಗಳೆಂದೂ, ಹೆಂಗಸರೂ ಕುರ್‌ಆನನ್ನು ಕಂಠಸ್ಥ ಮಾಡಿರುವರೆಂದೂ, ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿರುವುವೆಂದೂ ಬರೆದಿಟ್ಟಿರುವನು. ತಾನು ಮಾಲಿಕಿಯಾಗಿದ್ದ ಅವನು ಹನಫಿಗಳ ದೆಹಲಿಯಲ್ಲಿ ನ್ಯಾಯಾಧೀಶನಾಗಿದ್ದು, ಶಾಫಿಗಳ ಹೊನ್ನಾವರದಲ್ಲಿ ಅತಿಥಿಯಾದನು.

ಅದೇ ಇಬ್ನ್ ಬತೂತಾ ಮೆಕ್ಕದ ವಿಷಯದಲ್ಲಿ ಬರೆದ ಒಂದು ಚಿತ್ರವು ಮರೆಯಲಾಗದಂತಹುದು. ಆಗ ಕಾಬಾದ ಸುತ್ತ ನಾಲ್ಕು ಪಂಥಗಳಿಗೆ ನಾಲ್ವರು ಇಮಾಮರು. ಬೇರೆ ಹೊತ್ತುಗಳಲ್ಲಿ ಸರದಿಯಂತೆ ನಮಾಜು ಮಾಡಿಸುತ್ತಿದ್ದರೂ, ಮಗ್ರಿಬಿನ ಸಮಯವು ಸಂಕುಚಿತವಾದುದರಿಂದ ಎಲ್ಲರೂ ಏಕಕಾಲಕ್ಕೆ ತೊಡಗುತ್ತಿದ್ದರು. ಎಲ್ಲೆಡೆಯಿಂದಲೂ ಏಳುವ ದನಿಗಳು ಬೆರೆತು, ಯಾರದು ಯಾವುದೆಂದು ತಿಳಿಯದೆ, ಒಂದು ಪಂಥದವನು ಇನ್ನೊಂದು ಪಂಥದ ಇಮಾಮನೊಡನೆ ಬಾಗಿಬಿಡುತ್ತಿದ್ದನಂತೆ. 1924ರಲ್ಲಿ ಮೆಕ್ಕವು ಸೌದಿ ಅರಸರ ಕೈಸೇರಿದ ಬಳಿಕ ಆ ಏರ್ಪಾಡು ನಿಂತು, ಎಲ್ಲರೂ ಒಬ್ಬ ಇಮಾಮನ ಹಿಂದೆ ನಿಲ್ಲುವಂತಾಯಿತು. ಅಲ್ಲಿ ಇಂದು ಪಠಿಸುವವನೂ ಪಠಿಸದವನೂ ಭುಜಕ್ಕೆ ಭುಜ ತಾಗಿಸಿ ನಿಲ್ಲುವರು. ಪಕ್ಕದವನ ತುಟಿ ಅಲುಗಿತೇ ಇಲ್ಲವೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಹಾಗಾದರೆ ಯಾವುದು ಸರಿ? ತೀರ್ಪು ಕೊಡುವ ಅಧಿಕಾರವು ನನಗಿಲ್ಲ; ತನ್ನ ಗುರುಹಿರಿಯರಿಂದ ಕಲಿತ ದಾರಿಯಲ್ಲಿ ಒಬ್ಬೊಬ್ಬನೂ ನಡೆಯಲೆಂಬುದೇ ತಿಳಿದವರ ಬುದ್ಧಿವಾದ. ಆದರೆ ಇಷ್ಟನ್ನು ನಾನು ನಿಸ್ಸಂದೇಹವಾಗಿ ಹೇಳಬಲ್ಲೆನು: ಈ ವಿವಾದದಲ್ಲಿ ದೇವವಾಣಿಯನ್ನು ಅಗ್ಗವಾಗಿ ಕಂಡ ಪಕ್ಷವೇ ಇಲ್ಲ. ಆ ವಾಣಿಯು ಕಿವಿಗೆ ಬೀಳುತ್ತಿರುವಾಗ ತನ್ನ ದನಿಯಿಂದ ಅದನ್ನು ಕದಡಬಾರದೆಂಬ ಅಂಜಿಕೆ ಒಬ್ಬನದು. ಅದನ್ನು ತನ್ನ ನಾಲಗೆಯಿಂದ ನುಡಿಯದೆ ದೇವರೆದುರಿನಿಂದ ಹಿಂದಿರುಗಬಾರದೆಂಬ ಹಂಬಲ ಮತ್ತೊಬ್ಬನದು. ಆಮೀನಿನ ಅನಂತರ ಕರಾವಳಿಯ ಇಮಾಮರು ಕಾಯುವ ಆ ತಡೆಯೂ ಈ ಎರಡನ್ನೂ ಉಳಿಸಿಕೊಳ್ಳಲೆಂದು ಶಾಸ್ತ್ರಜ್ಞರು ಕಂಡುಕೊಂಡ ಉಪಾಯವೇ ಆಗಿದೆ. ಹಿಂದಿನವರು ಪಠಿಸಲೆಂದು ಅಲ್ಲಿ ಇಮಾಮನು ಮೌನವಾಗುವನು. ಇಮಾಮನು ಪಠಿಸಲೆಂದು ಇಲ್ಲಿ ಹಿಂದಿನವರು ಮೌನವಾಗುವರು. ಇನ್ನೊಬ್ಬನ ಮಾತಿಗೆ ಎಡೆಮಾಡಿಕೊಡುವುದನ್ನು ಎರಡು ಮಸೀದಿಗಳೂ ಬಲ್ಲುವು.

ಕೆಲಸಕ್ಕೆಂದು ಘಟ್ಟ ಹತ್ತಿ ಬೆಂಗಳೂರಿಗೆ ಬಂದ ಬ್ಯಾರಿ ಯುವಕನು ಹನಫಿ ಮಸೀದಿಯ ಕೊನೆಯ ಸಾಲಿನಲ್ಲಿ ನಿಂತಿರುವನೆಂದು ಭಾವಿಸಿರಿ. ಇಲ್ಲಿ ಇಮಾಮರು ತನಗಾಗಿ ತಡೆಯಲಾರರೆಂದು ಅವನಿಗೆ ಗೊತ್ತು. ಆದುದರಿಂದ ಅವರು ಮುಂದಿನ ಅಧ್ಯಾಯದಲ್ಲಿರುವಾಗಲೇ ಅವನು ತನ್ನ ಏಳು ವಾಕ್ಯಗಳನ್ನು ತುಸು ಬೇಗಬೇಗನೆ, ಪಕ್ಕದವನಿಗೆ ತೊಂದರೆಯಾಗದಂತೆ, ತುಟಿಯೊಳಗೇ ಮುಗಿಸಿಕೊಳ್ಳುವನು. ಪಕ್ಕದಲ್ಲಿರುವ ಹಿರಿಯರು ಕಣ್ಣನ್ನು ನೆಲಕ್ಕಿಟ್ಟು ಆಲಿಸುತ್ತಿರುವರು. ಅಷ್ಟರಲ್ಲಿ ‘ಅಲ್ಲಾಹು ಅಕ್ಬರ್’ ಎಂಬ ಕರೆಯಾಗುವುದು. ನುಡಿದವನೂ ಆಲಿಸಿದವರೂ ಒಟ್ಟಿಗೆ ಬಾಗುವರು.