ಇಪ್ಪತ್ತು ಲಕ್ಷ ಪುಸ್ತಕದ ಗೌಡರು

ಮಗಳ ಮದುವೆಗೆ ಹೊಲ ಮಾರಿದವರನ್ನು ನೀವು ನೋಡಿದ್ದೀರಿ. ಬ್ಯಾಂಕಿನ ಸಾಲಕ್ಕೆ ಸೈಟು ಮಾರಿದವರನ್ನೂ ನೋಡಿದ್ದೀರಿ. ಇಸ್ಪೀಟಿನಲ್ಲಿ ಗದ್ದೆ ಕಳಕೊಂಡವರ ಕಥೆಯಂತೂ ಬೇಡವೇ ಬೇಡ, ಅದು ಪ್ರತಿ ಊರಿನಲ್ಲೂ ಇದೆ. ಆದರೆ ಪುಸ್ತಕ ಕೊಳ್ಳಬೇಕು ಅಂತ ಮೈಸೂರಿನಲ್ಲಿದ್ದ ಆಸ್ತಿ ಮಾರಿದ ಗೃಹಸ್ಥರನ್ನು ಕಂಡಿದ್ದೀರಾ?

ಒಬ್ಬರಿದ್ದಾರೆ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕು ಹರಳಹಳ್ಳಿಯ ಅಂಕೇಗೌಡರು. 2026ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇವರಿಗೆ ಪದ್ಮಶ್ರೀ ಪ್ರಕಟಿಸಿದಾಗ ಅನೇಕರು ಯಾರಪ್ಪಾ ಇವರು ಅಂತ ಕೇಳಿದರು. ಓದೋರಿಗೆ, ಅದರಲ್ಲೂ ಬೇರೆಲ್ಲೂ ಸಿಗದ ಹಳೇ ಪುಸ್ತಕ ಹುಡುಕಿಕೊಂಡು ಅಲೆಯೋರಿಗೆ, ಗೌಡರು ಮೊದಲಿಂದಲೂ ಗೊತ್ತು.

ಬಸ್ಸಿನಲ್ಲಿ ಕೂತು ಈ ಪತ್ರಿಕೆ ಓದುತ್ತಿರುವವರು ಸ್ವಲ್ಪ ತಲೆ ಎತ್ತಿ ನೋಡಿ. ಚಿಲ್ಲರೆ ಕೊಡಿ, ಒಳಗೆ ಹೋಗಿ ಅಂತ ಗದರುತ್ತಿದ್ದಾರಲ್ಲ ಕಂಡಕ್ಟರಣ್ಣ, ಅಂಕೇಗೌಡರೂ ಮೊದಲು ಅದೇ ಕೆಲಸ ಮಾಡಿದವರು. ವಯಸ್ಸು ಆಗ ಇಪ್ಪತ್ತರ ಆಸುಪಾಸು. ರೈತರ ಮನೆಯ ಹುಡುಗ. ಮನೆಯಲ್ಲಿ ಪುಸ್ತಕ ಅನ್ನೋದೇ ಇಲ್ಲ. ಹೆಗಲಿಗೆ ಟಿಕೆಟ್ ಚೀಲ ಬಿದ್ದ ಮೇಲೂ ಓದುವ ಆಸೆ ಬಿಡಲಿಲ್ಲ. ಕನ್ನಡ ಎಂ.ಎ. ಮುಗಿಸಿದರು. ಪುಸ್ತಕ ಕೂಡಿಡುವ ಹುಚ್ಚಿಗೆ ನೀರೆರೆದವರು ಅನಂತರಾಮು ಎಂಬ ಮೇಷ್ಟ್ರು. ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು 30 ವರ್ಷ ದುಡಿಮೆ. ಸಂಬಳ ಬಂದ ದಿನ ಬೇರೆಯವರು ದಿನಸಿ ಅಂಗಡಿ ಬಾಕಿ ತೀರಿಸಿದರೆ, ಗೌಡರ ಸಂಬಳದ ಮುಕ್ಕಾಲು ಪಾಲಿಗೂ ಮೇಲೆ ಪುಸ್ತಕಕ್ಕೆ ಹೋಯಿತು. ಸಂಸಾರ ಹೇಗೆ ಸಾಗಿತು ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಗೌಡರ ಮನೆಯವರು, ಗೌಡರಲ್ಲ.

ಓದುವ ಚಟ ಒಬ್ಬೊಬ್ಬರಿಗೆ ಒಂದೊಂದು ಥರ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಮುಟ್ಟದವರು ಒಂದು ಕಾಲಕ್ಕೆ ಎಷ್ಟು ಜನ ಇದ್ದರು! ನಾಲ್ಕಾಣೆ, ಎಂಟಾಣೆ ಬಾಡಿಗೆಗೆ ತಂದು, ರಾತ್ರೋರಾತ್ರಿ ಮುಗಿಸಿ, ಬೆಳಿಗ್ಗೆ ವಾಪಸ್ ಕೊಟ್ಟು ಇನ್ನೊಂದು ತರೋರು. ಹೆಂಗಸರಿಗೆ ತ್ರಿವೇಣಿ, ಎಂ.ಕೆ. ಇಂದಿರಾ. ಚರಿತ್ರೆ ಬೇಕು ಅನ್ನೋರಿಗೆ ತರಾಸು. 1979ರಲ್ಲಿ ಭೈರಪ್ಪನವರ ‘ಪರ್ವ’ ಬಂದ ಮೇಲೆ ಅದನ್ನು ಓದಿದವರದ್ದೇ ಒಂದು ಜಾತಿ, ಓದದವರದ್ದು ಇನ್ನೊಂದು. ನನ್ನದು ಕೇಳಿದರೆ ತೇಜಸ್ವಿಯವರ ‘ಕರ್ವಾಲೊ’. ಸಣ್ಣ ಪುಸ್ತಕ, ಬಸ್ಸಿನ ಕುಲುಕಾಟದಲ್ಲೂ ಕೈಯಲ್ಲಿ ನಿಲ್ಲುತ್ತೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಅದಕ್ಕಿಂತ ಒಳ್ಳೇ ಮೇಷ್ಟ್ರು ಸಿಗಲಿಲ್ಲ. ‘ಮಲೆಗಳಲ್ಲಿ ಮದುಮಗಳು’ ಎರಡು ಸಲ ಹಿಡಿದೆ, ಎರಡು ಸಲವೂ ನಿದ್ದೆ ಗೆದ್ದಿತು. ಕುವೆಂಪು ಅಭಿಮಾನಿಗಳು ಕಲ್ಲು ಹೊಡೆಯಬಾರದು.

ಹೀಗೆ ನಮಗೆಲ್ಲ ಇದು ಬೇಕು, ಅದು ಬೇಡ ಅಂತ ಒಂದು ರುಚಿ ಇದೆ. ಅಂಕೇಗೌಡರದ್ದು ಬೇರೆಯೇ ದಾರಿ. ಅವರು ಬೇಡ ಅಂದ ಪುಸ್ತಕವೇ ಇಲ್ಲ. ಕಥೆ, ಪುರಾಣ, ವಿಜ್ಞಾನ, ವ್ಯಾಕರಣ, ಹಳೇ ಪತ್ರಿಕೆ, ಶಾಲಾ ಪಠ್ಯ, ಎಲ್ಲವೂ ಒಳಗೆ. ನಿಘಂಟುಗಳೇ 5 ಸಾವಿರದಷ್ಟಿವೆ ಅನ್ನುತ್ತವೆ ವರದಿಗಳು. ಇಪ್ಪತ್ತಕ್ಕೂ ಹೆಚ್ಚು ಭಾಷೆ. ತಾವು ಓದಲಾರದ ಭಾಷೆಯ ಪುಸ್ತಕವನ್ನೂ ದುಡ್ಡು ಕೊಟ್ಟು ತಂದವರನ್ನು ಏನನ್ನಬೇಕು? ತಮಗಾಗಿ ಓದೋನು ಆರಿಸ್ತಾನೆ. ಯಾರೋ ಒಬ್ಬ, ಯಾವತ್ತೋ ಒಂದು ದಿನ, ಇದನ್ನು ಕೇಳಿಕೊಂಡು ಬರಬಹುದು ಅನ್ನೋನು ಮಾತ್ರ ಹೀಗೆ ಎಲ್ಲ ತುಂಬಿಕೊಳ್ತಾನೆ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತೆ. ವರ್ಷಕ್ಕೊಮ್ಮೆ ಕೇಳೋ ಸಾಮಾನನ್ನೂ ಮೂಲೆಯಲ್ಲಿ ಒಂದಿಷ್ಟು ಇಟ್ಟಿರ್ತೀರಲ್ಲ, ಹಾಗೆ. ಒಂದೇ ವ್ಯತ್ಯಾಸ, ಗೌಡರ ಮೂಲೆಯೇ ಇಡೀ ಅಂಗಡಿ, ಮತ್ತೆ ಅಲ್ಲಿ ಯಾವುದಕ್ಕೂ ಬೆಲೆ ಇಲ್ಲ. ಚಂದಾ ಇಲ್ಲ, ಶುಲ್ಕ ಇಲ್ಲ. ಯಾರು ಬೇಕಾದರೂ ಹೋಗಿ ಓದಬಹುದು. ಗೌಡ ದಂಪತಿ ಪುಸ್ತಕಗಳ ನಡುವೆಯೇ ಇರೋದು. ಒಂದು ಮೂಲೆಯಲ್ಲಿ ಅಡುಗೆ, ರಾತ್ರಿ ನೆಲದ ಮೇಲೆ ಚಾಪೆ. ಊರವರ ಬಾಯಲ್ಲಿ ಅದು ಲೈಬ್ರರಿ ಅಲ್ಲ, ‘ಪುಸ್ತಕ ಮನೆ’.

ಲೆಕ್ಕ ಸುಮಾರು 20 ಲಕ್ಷ ಪುಸ್ತಕ. ಈ ಅಂಕಿ ಹೇಳಿದರೆ ತಲೆಗೆ ಹೋಗಲ್ಲ, ಬೇರೆ ಥರ ಹೇಳೋಣ. ಒಂದೊಂದು ಪುಸ್ತಕ ಒಂದಂಗುಲ ದಪ್ಪ ಅಂತ ಇಟ್ಟುಕೊಳ್ಳಿ. ಮೈಸೂರು ಬಸ್ ಸ್ಟ್ಯಾಂಡಿನಿಂದ ಸಾಲಾಗಿ ಜೋಡಿಸುತ್ತಾ ಬಂದರೆ 50 ಕಿಲೋಮೀಟರ್ ಆಗುತ್ತೆ. ಅಂದರೆ ಶ್ರೀರಂಗಪಟ್ಟಣ ಆಯಿತು, ಮಂಡ್ಯ ಆಯಿತು, ಸಾಲು ಇನ್ನೂ ಮದ್ದೂರಿನ ಕಡೆ ಮುಖ ಮಾಡಿರುತ್ತೆ. ದಿನಕ್ಕೊಂದರಂತೆ ಓದಲು ಕೂತರೆ ಐದು ಸಾವಿರ ವರ್ಷ ದಾಟುತ್ತೆ.

ಈಗ ಅಸಲು ವಿಷಯಕ್ಕೆ ಬರೋಣ. ಹಾರ, ಶಾಲು, ಪೇಟ ಎಲ್ಲ ಆಯಿತು. ಪ್ರಶಸ್ತಿ ಬಂದ ಸಮಯದ ವರದಿಗಳಲ್ಲೇ ಇನ್ನೊಂದು ಮಾತೂ ಇತ್ತು. ಪುಸ್ತಕಗಳು ಕಪಾಟು ತುಂಬಿ ನೆಲಕ್ಕೆ ಇಳಿದಿವೆ. ಬಿಚ್ಚದ ಮೂಟೆಗಳೂ ಇವೆ. ಪೂರ್ತಿ ಪಟ್ಟಿ ಅನ್ನೋದು ಇಲ್ಲ. ನಿಮ್ಮ ಗೋಡೌನಿನಲ್ಲಿ ಮಾಲು ಕಿಕ್ಕಿರಿದಿದೆ, ಸ್ಟಾಕ್ ಬುಕ್ ಮಾತ್ರ ಇಲ್ಲ ಅಂದರೆ ಏನಾಗುತ್ತೆ? ಯಾವುದು ಎಲ್ಲಿದೆ ಅಂತ ಯಜಮಾನರ ತಲೆಯೊಳಗೆ ಇರುತ್ತೆ, ಅಷ್ಟೇ. ಈ ಯಜಮಾನರಿಗೆ ಈಗ 75ರ ಸುಮಾರು.

ಪಟ್ಟಿ ಮಾಡೋದು ಹುಡುಗಾಟ ಅಲ್ಲ. ಒಬ್ಬ ಗುಮಾಸ್ತ ದಿನಕ್ಕೆ ನೂರು ಪುಸ್ತಕ ಬರೆದುಕೊಂಡರೂ, ಭಾನುವಾರ ಹಬ್ಬ ಹರಿದಿನ ಏನೂ ರಜ ತೆಗೆದುಕೊಳ್ಳದಿದ್ದರೂ, 20 ಲಕ್ಷ ಮುಗಿಯೋದಕ್ಕೆ 55 ವರ್ಷ ಬೇಕು. ಹತ್ತು ಜನ ಕೂತರೆ ಐದೂವರೆ ವರ್ಷ. ಅಷ್ಟರಲ್ಲಿ ಗೆದ್ದಲು ಸುಮ್ಮನೆ ಕೂರುತ್ತದೆಯೇ? ಮಳೆಗಾಲದ ಶೀತಕ್ಕೆ ಹಳೇ ಕಾಗದ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸೋರು ಯಾರು?

ಬೆಂಕಿಯ ಮಾತೂ ಇದೆ. ಇದೇ ಸೀಮೆಯ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿಕೊಂಡಿದ್ದ ಸೈಯದ್ ಇಸಾಕ್ ಅನ್ನೋರು ಒಂದು ಶೆಡ್ಡಿನಲ್ಲಿ ಸಾರ್ವಜನಿಕರಿಗಾಗಿ ಗ್ರಂಥಾಲಯ ನಡೆಸುತ್ತಿದ್ದರು. ತಾವು ಓದಲಿಲ್ಲ, ಬೇರೆಯವರು ಕನ್ನಡ ಓದಲಿ ಅನ್ನೋ ಆಸೆ. 2021ರ ಏಪ್ರಿಲ್‌ನಲ್ಲಿ ಬೆಂಕಿ ಬಿತ್ತು. ಸುಮಾರು 11 ಸಾವಿರ ಪುಸ್ತಕ ಬೆಳಗಾಗುವಷ್ಟರಲ್ಲಿ ಬೂದಿ. ಆಮೇಲೆ ದೇಶದ ಮೂಲೆಮೂಲೆಯಿಂದ ಜನ ಹಣ, ಪುಸ್ತಕ ಕೊಡಲು ಮುಂದೆ ಬಂದರು, ಅದು ಬೇರೆ. 11 ಸಾವಿರವನ್ನು ಹೇಗೋ ಮತ್ತೆ ಕೂಡಿಸಬಹುದು. 20 ಲಕ್ಷವನ್ನು, ಅದರಲ್ಲೂ ಅಚ್ಚು ನಿಂತುಹೋದ ಪುಸ್ತಕಗಳನ್ನು, ಎಲ್ಲಿಂದ ತರೋದು?

ಸರ್ಕಾರ ಏನು ಮಾಡಬೇಕು ಅಂತ ಕೇಳುವ ಮುಂಚೆ ಅಂಗಡಿಯವರು ತಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಲಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಕಟ್ಟೋ ಕರ ಅದು, ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ನೀವು ಓದಿ, ಬಿಡಿ, ದುಡ್ಡಂತೂ ಕೊಟ್ಟಿದ್ದೀರಿ. ಆ ದುಡ್ಡು ಸಾರ್ವಜನಿಕ ಗ್ರಂಥಾಲಯಗಳಿಗೆ. ಗೌಡರ ಪುಸ್ತಕ ಮನೆ ಸರ್ಕಾರದ್ದಲ್ಲ, ನಿಜ. ಆದರೆ ಗ್ರಂಥಪಾಲಕರ ತರಬೇತಿ ಪಡೆದ ಹುಡುಗ ಹುಡುಗಿಯರು ಪ್ರತಿ ವರ್ಷ ವಿಶ್ವವಿದ್ಯಾನಿಲಯಗಳಿಂದ ಹೊರಬರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಿಂದ ಪಾಂಡವಪುರ ಎಷ್ಟು ದೂರ? ಕೆಲಸ ಕಲಿಯೋದಕ್ಕೆ ಆರು ತಿಂಗಳು ಒಂದು ತಂಡ ಅಲ್ಲಿ ಕೂತರೆ ಯಾರ ಗಂಟು ಹೋಗುತ್ತೆ?

ನಮ್ಮ ಪೇಟೆಯಲ್ಲಿ ಓದೋ ಯಜಮಾನರು ಕಣ್ಮುಚ್ಚಿದರೆ ಹದಿಮೂರನೇ ದಿನ ಕಳೆದ ಮೇಲೆ ರದ್ದಿ ಅಂಗಡಿಯವನಿಗೆ ಕರೆ ಹೋಗುತ್ತೆ. ತಕ್ಕಡಿ ಬರುತ್ತೆ. ನಲವತ್ತು ವರ್ಷ ಹೊಟ್ಟೆ ಕಟ್ಟಿ ಕೂಡಿಸಿದ್ದು ಕಿಲೋ ಲೆಕ್ಕದಲ್ಲಿ ಹೋಗುತ್ತೆ. ಕಡ್ಲೆಪುರಿ ಕಟ್ಟಿಕೊಟ್ಟ ಹಾಳೆಯಲ್ಲಿ ಒಳ್ಳೇ ಕಾದಂಬರಿಯ ಅರ್ಧ ಪುಟ ಓದಿ, ಮಿಕ್ಕರ್ಧಕ್ಕೆ ನಾನು ಒದ್ದಾಡಿದ್ದೂ ಉಂಟು. ನಿಮ್ಮ ಅಟ್ಟದಲ್ಲಿ ಅಂಥ ಗಂಟು ಇದ್ದರೆ ತಕ್ಕಡಿಯವನನ್ನು ಕರೆಯೋ ಮುಂಚೆ ಒಂದು ಭಾನುವಾರ ಪಾಂಡವಪುರದ ಬಸ್ ಹತ್ತಿ. ಪೇಟೆಯಲ್ಲಿ ಇಳಿದು ಹರಳಹಳ್ಳಿಯ ಪುಸ್ತಕ ಮನೆ ಎಲ್ಲಿ ಅಂದರೆ ಆಟೋದವರು ತೋರಿಸುತ್ತಾರೆ. ಕಂಡಕ್ಟರ್‌ಗೆ ಚಿಲ್ಲರೆ ಮಾತ್ರ ಸರಿಯಾಗಿ ಕೊಡಿ.